ಆಶಯಸೂಚಿಯಿಂದ ಕಾಯಿದೆಯ ಪುಟಕ್ಕೆ: ಶಿಕ್ಷಣದಲ್ಲಿ ಯಹೂದಿದ್ವೇಷ ಮತ್ತು ಅಮೆರಿಕದ ಕಾನೂನುಗಳು

ಸ್ಟಿತ್ ಥಾಂಪ್ಸನ್ ಅವರ ಜನಪದ ಸಾಹಿತ್ಯದ ಆಶಯಸೂಚಿಯಲ್ಲಿ ‘ವಿ’ ಅಕ್ಷರದ ಅಡಿ ಧರ್ಮಕ್ಕೆ ಸಂಬಂಧಿಸಿದ ಆಶಯಗಳನ್ನು ಜೋಡಿಸಲಾಗಿದೆ. ಅವುಗಳಲ್ಲಿ ವಿ 361 ಎಂಬುದು, ಯಹೂದಿಗಳು ತಮ್ಮ ಆಚರಣೆಗೆ ರಕ್ತ ಬೇಕೆಂದು ಕ್ರೈಸ್ತ ಮಗುವನ್ನು ಕೊಲ್ಲುತ್ತಾರೆಂಬ ಆಶಯ. ಮಾತನಾಡುವ ಪ್ರಾಣಿ, ಮಲತಾಯಿಯ ಕಾಟ ಮೊದಲಾದವುಗಳ ಹಾಗೆ ಸೂಚಿಯಲ್ಲಿ ಇದಕ್ಕೂ ಒಂದು ಸಂಖ್ಯೆ, ಒಂದು ಸಾಲು. ಅದೇ ಆಶಯವು 2024ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆ ಅಂಗೀಕರಿಸಿದ ಶಿಕ್ಷಣ ಸಂಬಂಧಿ ಮಸೂದೆಯೊಂದು ಆಧರಿಸಿದ ವ್ಯಾಖ್ಯೆಯಲ್ಲಿ ಹೆಸರು ಸಹಿತ ಕಾಣಿಸಿಕೊಂಡಿದೆ. ಜನಪದ ಐತಿಹ್ಯವೊಂದು ಕಾಯಿದೆಯ ವಿಷಯವಾದದ್ದು ಹೇಗೆ, ಆಗ ಕಾಯಿದೆಗೆ ಎದುರಾಗುವ ತೊಡಕು ಎಂಥದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಐತಿಹ್ಯದ ಚರಿತ್ರೆಯನ್ನು ಮೊದಲು ನೋಡಬಹುದು. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಎಂಬಲ್ಲಿ ವಿಲಿಯಂ ಎಂಬ ಬಾಲಕನ ಶವ ದೊರೆಯಿತು. ಕೆಲವು ವರ್ಷಗಳ ಬಳಿಕ ಥಾಮಸ್ ಆಫ್ ಮನ್ಮತ್ ಎಂಬ ಸಂನ್ಯಾಸಿ, ಆ ಬಾಲಕನನ್ನು ಯಹೂದಿಗಳು ಮತೀಯ ಉದ್ದೇಶದಿಂದ ಕೊಂದರೆಂದು ವಿಸ್ತಾರವಾಗಿ ಬರೆದಿಟ್ಟ. ರಕ್ತದ ಸಂಗತಿ ಈ ಕಥೆಗೆ ಅನಂತರ ಸೇರಿಕೊಂಡಿತು. 1255ರಲ್ಲಿ ಲಿಂಕನ್ ಪಟ್ಟಣದ ಬಾವಿಯೊಂದರಲ್ಲಿ ಹ್ಯೂ ಎಂಬ ಬಾಲಕನ ಶವ ಸಿಕ್ಕಾಗ ಅರಸ ಮೂರನೆಯ ಹೆನ್ರಿ 19 ಮಂದಿ ಯಹೂದಿಗಳನ್ನು ಗಲ್ಲಿಗೇರಿಸಿದ. 1290ರಲ್ಲಿ ಇಡೀ ಸಮುದಾಯವನ್ನೇ ಇಂಗ್ಲೆಂಡಿನಿಂದ ಹೊರಹಾಕಲಾಯಿತು. ಯಹೂದಿಗಳಿಲ್ಲದ ನಾಡಿನಲ್ಲಿಯೂ ಹ್ಯೂನ ಕಥೆ ಹಾಡಾಗಿ ಉಳಿಯಿತು. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರ ಕಥನಗೀತೆಗಳ ಸಂಕಲನದಲ್ಲಿ ಅದು 155ನೆಯದು.

ಈ ಐತಿಹ್ಯವನ್ನು ಕುರಿತ ಮುಖ್ಯ ಬರಹಗಳನ್ನು ಅಲನ್ ಡಂಡೆಸ್ 1991ರಲ್ಲಿ ಒಂದು ಗ್ರಂಥವಾಗಿ ಸಂಪಾದಿಸಿದರು. ಡಂಡೆಸ್ ಕನ್ನಡ ಜಾನಪದ ವಿದ್ಯಾರ್ಥಿಗಳಿಗೆ ಅಪರಿಚಿತರಲ್ಲ. ಎ. ಕೆ. ರಾಮಾನುಜನ್ ಅವರ ‘ದಿ ಇಂಡಿಯನ್ ಈಡಿಪಸ್’ ಲೇಖನ ಸೇರಿರುವ 1983ರ ಗ್ರಂಥಕ್ಕೆ ಅವರು ಸಹಸಂಪಾದಕರು. ನಮ್ಮ ಮಕ್ಕಳೆಲ್ಲ ಬಲ್ಲ ಕಾಗೆ ಗುಬ್ಬಿಯರ ಕಥೆಯನ್ನು ಜಾತಿ ಮತ್ತು ಅಸ್ಪೃಶ್ಯತೆಗಳ ಬೆಳಕಿನಲ್ಲಿ ಓದಿದ 1997ರ ಪುಸ್ತಕವೂ ಅವರದೇ. ರಕ್ತಾಪವಾದವನ್ನು ವಿವರಿಸಲು ಅವರು ಬಳಸಿದ ಪರಿಕಲ್ಪನೆಯನ್ನು ‘ಪ್ರಕ್ಷೇಪ ವಿಪರ್ಯಯ’ ಎನ್ನಬಹುದು. ತನ್ನೊಳಗಿನ ಅಳುಕನ್ನು ಎದುರಿನವನ ಮೇಲೆ ತಿರುಗಿಸಿ ಹೊರಿಸುವುದೇ ಇದರ ರೀತಿ. ಕ್ರಿಸ್ತನ ಶರೀರ ಮತ್ತು ರಕ್ತವನ್ನು ಪ್ರಸಾದವಾಗಿ ಸ್ವೀಕರಿಸುವವರು ಕ್ರೈಸ್ತರು. ರಕ್ತ ಸೇವನೆಯನ್ನು ಧರ್ಮನಿಯಮದಿಂದಲೇ ನಿಷೇಧಿಸಿಕೊಂಡವರು ಯಹೂದಿಗಳು. ಆದರೂ ಆಪಾದನೆ ಹೊತ್ತವರು ಯಹೂದಿಗಳೇ. ಈ ವಿವರಣೆಯ ಮನೋವಿಶ್ಲೇಷಣಾತ್ಮಕ ಭಾಗವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಸಾಕ್ಷ್ಯವೇ ಬೇಡದ ಕಥೆಯೊಂದು ಎಂಟು ನೂರು ವರ್ಷ ಹೇಗೆ ಬಾಳಿತೆಂಬ ಪ್ರಶ್ನೆಯನ್ನು ಮಾತ್ರ ಅದು ಸರಿಯಾಗಿ ಎತ್ತುತ್ತದೆ.

ಈ ಕಥೆ ಹಳೆಯ ಯೂರೋಪಿನಲ್ಲೇ ಉಳಿಯಲಿಲ್ಲ. 1928ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಮಸೀನಾ ಎಂಬ ಊರಿನಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಕಾಣೆಯಾದಳು. ಯಹೂದಿಗಳ ದೊಡ್ಡ ವ್ರತದ ದಿನ ಹತ್ತಿರವಾಗಿತ್ತು. ಪೊಲೀಸರು ಅಲ್ಲಿನ ಯಹೂದಿ ಧರ್ಮಗುರುವನ್ನು ಕರೆಸಿ, ನಿಮ್ಮಲ್ಲಿ ನರಬಲಿ ಕೊಡುವ ಪದ್ಧತಿ ಇದೆಯೇ ಎಂದು ವಿಚಾರಿಸಿದರು. ಮರುದಿನ ಮಗು ಕಾಡಿನಿಂದ ಕ್ಷೇಮವಾಗಿ ಹೊರಬಂದಿತು. ಅಪವಾದ ಮಾತ್ರ ಅಲ್ಲಿಗೇ ನಿಲ್ಲದೆ ರಾಷ್ಟ್ರಮಟ್ಟದ ಸುದ್ದಿಯಾಯಿತು.

ಆದರೆ ಶಿಕ್ಷಣ ಕ್ಷೇತ್ರದಲ್ಲಿ ಕಾಯಿದೆಗಳು ಮೊದಲು ಎದುರಿಸಿದ್ದು ಕಥೆಯನ್ನಲ್ಲ, ಅಂಕಿಯನ್ನು. 1887ರಲ್ಲಿ ರಷ್ಯಾದ ಝಾರ್ ಸರಕಾರವು ಪ್ರೌಢಶಾಲೆ ಮತ್ತು ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಪ್ರಮಾಣವನ್ನು ಅವರ ವಸತಿಗೆ ಗೊತ್ತುಮಾಡಿದ ಪ್ರಾಂತಗಳಲ್ಲಿ ಶೇಕಡ 10, ಹೊರಗೆ ಶೇಕಡ 5, ಎರಡು ರಾಜಧಾನಿಗಳಲ್ಲಿ ಶೇಕಡ 3 ಎಂದು ಮಿತಿಗೊಳಿಸಿತು. ಹಂಗೆರಿಯ 1920ರ 25ನೆಯ ಕಾಯಿದೆ ವಿಶ್ವವಿದ್ಯಾಲಯ ಪ್ರವೇಶವನ್ನು ಜನಾಂಗಗಳ ಜನಸಂಖ್ಯಾ ಪ್ರಮಾಣಕ್ಕೆ ಕಟ್ಟಿಹಾಕಿತು. ಅದರ ಪಠ್ಯದಲ್ಲಿ ‘ಯಹೂದಿ’ ಎಂಬ ಪದವೇ ಇರಲಿಲ್ಲ. ಅವರನ್ನು ಪ್ರತ್ಯೇಕ ಜನಾಂಗವೆಂದು ಪರಿಗಣಿಸುವ ಕೆಲಸವನ್ನು ಅನುಷ್ಠಾನದ ಆದೇಶ ಮಾಡಿತು. ನಾಜಿ ಜರ್ಮನಿ 1933ರ ಏಪ್ರಿಲ್‌ನಲ್ಲಿ ಹೊಸ ಪ್ರವೇಶಕ್ಕೆ ಶೇಕಡ 1.5ರ ಮಿತಿ ಹೇರಿತು. ನಮ್ಮಲ್ಲಿ ‘ಕೋಟಾ’ ಎಂದರೆ ಹೊರಗಿದ್ದವರು ಒಳಗೆ ಬರುವ ದಾರಿ. ಇಲ್ಲಿ ಹೇಳುತ್ತಿರುವುದು ಒಳಗಿರುವವರು ಕಟ್ಟಿದ ಗೋಡೆಯನ್ನು. ಇವೆರಡನ್ನೂ ಒಂದೇ ಪದದಿಂದ ಕರೆಯುವುದರಿಂದ ಗೊಂದಲವಾಗುವುದುಂಟು.

ಅಮೆರಿಕದಲ್ಲಿ ಈ ಗೋಡೆ ಕಾಯಿದೆಯ ರೂಪದಲ್ಲಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಲಾರೆನ್ಸ್ ಲೋವೆಲ್ 1922ರಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಬಹಿರಂಗ ಮಿತಿ ಬೇಕೆಂದಾಗ ಅಧ್ಯಾಪಕರ ಸಮಿತಿ ಒಪ್ಪಲಿಲ್ಲ. ಮಿತಿ ಬೇರೆ ದಾರಿಯಿಂದ ಬಂದಿತು. ಅಭ್ಯರ್ಥಿಯ ‘ಶೀಲ’ವನ್ನು ಅಳೆಯತೊಡಗಿದರು, ಭಾವಚಿತ್ರ ಕೇಳಿದರು, ಹುಟ್ಟಿದ ಮೇಲೆ ನಿನ್ನ ಅಥವಾ ತಂದೆಯ ಹೆಸರಿನಲ್ಲಿ ಬದಲಾವಣೆಯಾಗಿದೆಯೇ ಎಂಬ ಪ್ರಶ್ನೆಯೂ ಅರ್ಜಿಯಲ್ಲಿ ಸೇರಿತು. ಹೆಸರು ಕೇಳಿ ಕುಲವನ್ನು ಊಹಿಸುವ ಈ ಜಾಣತನ ನಮ್ಮ ಓದುಗರಿಗೆ ಹೊಸದಲ್ಲ.

ಎರಡನೆಯ ಮಹಾಯುದ್ಧದ ಬಳಿಕ, 1947ರಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗವು ಈ ಪದ್ಧತಿಯನ್ನು ಖಂಡಿಸಿತು. 1948ರಲ್ಲಿ ನ್ಯೂಯಾರ್ಕ್ ರಾಜ್ಯವು ನ್ಯಾಯಯುತ ಶಿಕ್ಷಣ ಪದ್ಧತಿಗಳ ಕಾಯಿದೆಯನ್ನು ತಂದು, ಪ್ರವೇಶದಲ್ಲಿ ಜನಾಂಗ, ವರ್ಣ, ಧರ್ಮ, ಮೂಲದೇಶಗಳ ಆಧಾರದ ತಾರತಮ್ಯವನ್ನು ನಿಷೇಧಿಸಿತು. ನ್ಯೂಜೆರ್ಸಿ ಮತ್ತು ಮ್ಯಾಸಚೂಸೆಟ್ಸ್ ಮರುವರ್ಷವೇ ಅದನ್ನು ಅನುಸರಿಸಿದವು. ಮಸೀನಾದ ಘಟನೆ ನಡೆದ ರಾಜ್ಯದಲ್ಲಿಯೇ ಇಪ್ಪತ್ತು ವರ್ಷಗಳ ಬಳಿಕ ಈ ಕಾಯಿದೆ ಬಂದದ್ದು ಗಮನಾರ್ಹ. ಆದರೆ ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವುದು ಸರಿಯಾಗದು. ಕಾಯಿದೆಯು ಕೈಹಾಕಿದ್ದು ಅರ್ಜಿಯ ನಮೂನೆಗೆ, ಪ್ರವೇಶ ಸಮಿತಿಯ ನಡೆಗೆ. ಯಾರನ್ನು ಸೇರಿಸಿಕೊಂಡರು, ಯಾರನ್ನು ಬಿಟ್ಟರು ಎಂಬುದನ್ನು ದಾಖಲೆಯಿಂದ ತೋರಿಸಬಹುದಾಗಿತ್ತು. ಈ ಬಗೆಯ ತಾರತಮ್ಯವನ್ನು ಗುರುತಿಸಲು ಕಾನೂನಿಗೆ ಯಹೂದಿದ್ವೇಷದ ವ್ಯಾಖ್ಯೆಯ ಅಗತ್ಯವೇ ಬೀಳಲಿಲ್ಲ.

ತೊಡಕು ಆರಂಭವಾದದ್ದು ಒಳಗೆ ಬಂದ ವಿದ್ಯಾರ್ಥಿಗೆ ಅಲ್ಲಿ ಏನು ಕೇಳಬೇಕಾಯಿತು ಎಂಬ ಪ್ರಶ್ನೆಯಿಂದ. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಆರನೆಯ ಅಧ್ಯಾಯವು ಕೇಂದ್ರ ಸರಕಾರದ ಅನುದಾನ ಪಡೆಯುವ ಸಂಸ್ಥೆಗಳಲ್ಲಿ ಜನಾಂಗ, ವರ್ಣ, ರಾಷ್ಟ್ರೀಯ ಮೂಲಗಳ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ‘ಧರ್ಮ’ ಎಂಬ ಪದ ಆ ಅಧ್ಯಾಯದಲ್ಲಿಲ್ಲ. ಹಾಗಾದರೆ ಯಹೂದಿಗಳು ಯಾವುದರೊಳಗೆ ಬರುತ್ತಾರೆ? 1987ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದೇ ದಿನ ಎರಡು ತೀರ್ಪು ನೀಡಿತು. ಒಂದು, ಗೋಡೆಗಳ ಮೇಲೆ ದ್ವೇಷದ ಬರಹ ಬಳಿಯಲಾಗಿದ್ದ ಮೇರಿಲ್ಯಾಂಡಿನ ಯಹೂದಿ ಪ್ರಾರ್ಥನಾ ಮಂದಿರದ ಪ್ರಕರಣ. ಇನ್ನೊಂದು, ಇರಾಕಿನಲ್ಲಿ ಹುಟ್ಟಿದ ಅರಬ್ ಪ್ರಾಧ್ಯಾಪಕರೊಬ್ಬರಿಗೆ ಕಾಲೇಜೊಂದು ಕಾಯಂ ಹುದ್ದೆ ನಿರಾಕರಿಸಿದ ಪ್ರಕರಣ. 1866ರ ಕಾಯಿದೆ ಬರೆದವರ ಮನಸ್ಸಿನಲ್ಲಿ ‘ಜನಾಂಗ’ ಎಂದರೆ ಏನಿತ್ತೆಂದು ತಿಳಿಯಲು ನ್ಯಾಯಮೂರ್ತಿಗಳು ಹತ್ತೊಂಬತ್ತನೆಯ ಶತಮಾನದ ನಿಘಂಟು, ವಿಶ್ವಕೋಶಗಳನ್ನು ತೆರೆದರು. ಅಲ್ಲಿ ಯಹೂದಿಗಳೂ ಅರಬರೂ ಬೇರೆ ಬೇರೆ ಜನಾಂಗಗಳೆಂದೇ ಎಣಿಕೆಯಾಗಿದ್ದರು. ಇಬ್ಬರಿಗೂ ರಕ್ಷಣೆ ದೊರೆಯಿತು. ಹಂಗೆರಿಯಲ್ಲಿ ಹೊರಗಿಡಲು ಬಳಕೆಯಾದ ‘ಜನಾಂಗ’ವೆಂಬ ಪದವೇ ಇಲ್ಲಿ ಆಶ್ರಯವಾಯಿತು. ಮುಂದೆ 2004 ಮತ್ತು 2010ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯ ಸುತ್ತೋಲೆಗಳು, ಸಮಾನ ವಂಶಮೂಲವನ್ನು ಹಂಚಿಕೊಂಡ ಧಾರ್ಮಿಕ ಸಮುದಾಯಗಳಿಗೂ ಆರನೆಯ ಅಧ್ಯಾಯ ಅನ್ವಯಿಸುತ್ತದೆಂದು ಸ್ಪಷ್ಟಪಡಿಸಿದವು. ಯಹೂದಿ, ಮುಸ್ಲಿಂ, ಸಿಖ್ ವಿದ್ಯಾರ್ಥಿಗಳೆಲ್ಲ ಇದರ ವ್ಯಾಪ್ತಿಗೆ ಬಂದರು. ಕಿರುಕುಳವು ವಿದ್ಯಾರ್ಥಿಯ ಕಲಿಕೆಗೆ ಅಡ್ಡಿಯಾಗುವಷ್ಟು ತೀವ್ರವೋ ವ್ಯಾಪಕವೋ ನಿರಂತರವೋ ಆಗಿದ್ದು, ಅದು ತಿಳಿದೂ ಸಂಸ್ಥೆ ಸುಮ್ಮನಿದ್ದರೆ ಅದು ತಾರತಮ್ಯವೆನಿಸುತ್ತದೆ.

ಈ ಮಾನದಂಡ ಇದ್ದ ಮೇಲೂ, ಯಾವ ಮಾತು ಯಹೂದಿದ್ವೇಷ ಎಂಬ ಪ್ರಶ್ನೆ ಉಳಿಯಿತು. ಅಂತರರಾಷ್ಟ್ರೀಯ ಹತ್ಯಾಕಾಂಡ ಸ್ಮರಣಾ ಒಕ್ಕೂಟವು 2016ರ ಮೇ ತಿಂಗಳಲ್ಲಿ ಬುಖಾರೆಸ್ಟ್ ಸಭೆಯಲ್ಲಿ ಸ್ವೀಕರಿಸಿದ ವ್ಯಾಖ್ಯೆ ಮತ್ತು ಅದರ 11 ನಿದರ್ಶನಗಳನ್ನು ಹಲವರು ಇದಕ್ಕೆ ಉತ್ತರವೆಂದು ಭಾವಿಸಿದರು. ಯಹೂದಿಗಳು ಯೇಸುವನ್ನು ಕೊಂದವರೆಂಬ ಆರೋಪ ಹಾಗೂ ರಕ್ತಾಪವಾದ, ಇಂಥ ಹಳೆಯ ಬಿಂಬಗಳಿಂದ ಇಸ್ರೇಲನ್ನು ಚಿತ್ರಿಸುವುದು ಅದರ ಒಂದು ನಿದರ್ಶನ. 2019ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಆದೇಶವೊಂದರ ಮೂಲಕ, ಆರನೆಯ ಅಧ್ಯಾಯದ ದೂರುಗಳನ್ನು ಪರಿಶೀಲಿಸುವಾಗ ಈ ವ್ಯಾಖ್ಯೆಯನ್ನು ಗಮನಕ್ಕೆ ತಂದುಕೊಳ್ಳಬೇಕೆಂದರು. ಅದನ್ನೇ ಕಾಯಿದೆಯಾಗಿಸುವ ಮಸೂದೆಗೆ 2024ರ ಮೇ 1ರಂದು ಕೆಳಮನೆಯಲ್ಲಿ 320 ಮತಗಳು ಪರವಾಗಿ, 91 ವಿರುದ್ಧವಾಗಿ ಬಂದವು. ಮೇಲ್ಮನೆಯಲ್ಲಿ ಅದು ಮತಕ್ಕೆ ಬರದೆ ಅವಧಿ ಮುಗಿಯಿತು. 2025ರಲ್ಲಿ ಮತ್ತೆ ಮಂಡನೆಯಾಯಿತು.

ವಿರೋಧಿಸಿದವರ ಕಾರಣಗಳು ಜಾನಪದ ವಿದ್ವಾಂಸನಿಗೆ ಕುತೂಹಲಕರ. ಯಹೂದಿ ಸಮುದಾಯದವರೇ ಆದ ಜೆರಾಲ್ಡ್ ನ್ಯಾಡ್ಲರ್ ಅವರಂಥವರು, ಸರಕಾರದ ಟೀಕೆಯೂ ದ್ವೇಷವೆನಿಸಿಕೊಳ್ಳುವ ಅಪಾಯವನ್ನು ಮುಂದಿಟ್ಟರು. ಇನ್ನೊಂದು ಪಕ್ಷದ ಕೆಲವರಿಗೆ ತಮ್ಮ ಸುವಾರ್ತೆಯ ಮೇಲಿನ ನಂಬಿಕೆಯೇ ಅಪರಾಧವಾಗುವ ಭಯ. ಯೇಸುವಿನ ಮರಣದ ಕಥನ ಒಬ್ಬರಿಗೆ ಪವಿತ್ರ ಗ್ರಂಥ, ಇನ್ನೊಬ್ಬರಿಗೆ ತಮ್ಮ ಪೂರ್ವಿಕರ ಕೊಲೆಗೆ ನೆಪವಾದ ಮಾತು. ವ್ಯಾಖ್ಯೆಯ ಮೂಲ ಕರಡನ್ನು ಸಿದ್ಧಪಡಿಸಿದವರಲ್ಲಿ ಪ್ರಮುಖರಾದ ಕೆನೆತ್ ಸ್ಟರ್ನ್ 2017ರಲ್ಲಿಯೇ ಸಂಸತ್ತಿನ ಸಮಿತಿಯೆದುರು ಇದನ್ನು ಕಾಯಿದೆಯಾಗಿಸಬಾರದೆಂದು ಹೇಳಿಕೆ ನೀಡಿದ್ದರು. ಯೂರೋಪಿನಲ್ಲಿ ಘಟನೆಗಳ ಅಂಕಿಅಂಶ ಸಂಗ್ರಹಿಸುವವರಿಗೆ ಅನುಕೂಲವಾಗಲೆಂದು ಅದನ್ನು ರೂಪಿಸಿದ್ದೇ ಹೊರತು ವಿಶ್ವವಿದ್ಯಾಲಯದ ಮಾತನ್ನು ಅಳೆಯಲು ಅಲ್ಲ ಎಂಬುದು ಅವರ ವಾದ.

ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಅದು ಒಂದು ಆಶಯಸೂಚಿ. ವರ್ಗೀಕರಣಕ್ಕೆ ಸೂಚಿ ಬೇಕು. ಆದರೆ ವಿ 361 ಎಂಬ ಸಂಖ್ಯೆ, ಅದನ್ನು ಯಾರು, ಯಾರೆದುರು, ಏತಕ್ಕೆ ಹೇಳಿದರೆಂಬುದನ್ನು ತಿಳಿಸುವುದಿಲ್ಲ. ಜನಪದ ಸಾಮಗ್ರಿಯನ್ನು ಹೆಣಿಗೆ, ಪಠ್ಯ, ಸಂದರ್ಭ ಈ ಮೂರರಿಂದಲೂ ವಿವರಿಸಬೇಕೆಂದು ಡಂಡೆಸ್ ಬರೆದ ಪ್ರಸಿದ್ಧ ಲೇಖನ ಪ್ರಕಟವಾದದ್ದು 1964ರಲ್ಲಿ, ನಾಗರಿಕ ಹಕ್ಕುಗಳ ಕಾಯಿದೆ ಬಂದ ವರ್ಷದಲ್ಲೇ. ವ್ಯಾಖ್ಯೆಯಲ್ಲಿಯೂ ಒಟ್ಟಾರೆ ಸಂದರ್ಭವನ್ನು ಪರಿಗಣಿಸಬೇಕೆಂಬ ಮಾತಿದೆ ಎಂಬುದನ್ನು ಮರೆಯಬಾರದು. ಆದರೂ ದೂರಿಗೆ ಹೆದರುವ ಆಡಳಿತಗಾರನ ಮೇಜಿನ ಮೇಲೆ ಉಳಿಯುವುದು ನಿದರ್ಶನಗಳ ಪಟ್ಟಿಯೇ. ಈ ದೃಷ್ಟಿಯಿಂದ 2010ರ ಸುತ್ತೋಲೆಯ ಮಾನದಂಡವೇ ಹೆಚ್ಚು ಸಮರ್ಪಕವೆಂದು ನನಗೆ ತೋರುತ್ತದೆ. ಅದು ಮಾತಿನ ಪಠ್ಯಕ್ಕಿಂತ, ಆ ಮಾತು ಕೇಳಿದವನ ಕಲಿಕೆಗೆ ಏನಾಯಿತೆಂಬುದನ್ನು ವಿಚಾರಿಸುತ್ತದೆ. ನಮ್ಮ 1989ರ ದೌರ್ಜನ್ಯ ತಡೆ ಕಾಯಿದೆಯೂ ಅವಮಾನಿಸುವ ಉದ್ದೇಶವನ್ನು, ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳವನ್ನು ಅಪರಾಧದ ಅಂಗವಾಗಿಯೇ ಬರೆದುಕೊಂಡಿದೆ.

ಹಾಗೆಂದು ಸಂದರ್ಭದ ಹೆಸರಿನಲ್ಲಿ ಅಧ್ಯಾಪಕನು ತಪ್ಪಿಸಿಕೊಳ್ಳುವಂತಿಲ್ಲ. ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ತರಗತಿಯಲ್ಲಿ ಜಾತಿಸೂಚಕ ಗಾದೆಗಳನ್ನು ಸಂಗ್ರಹದಲ್ಲಿದ್ದಂತೆ ಒಂದರ ಮೇಲೊಂದು ಓದುತ್ತಿದ್ದೆ. ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದುನಿಂತು, “ಸರ್, ಇದನ್ನ ನಮ್ಮೂರಲ್ಲಿ ನಮಗೇ ಹೇಳ್ತಾರೆ. ನೀವು ಓದಿದಾಗ್ಲೂ ಹಂಗೇ ಕೇಳ್ಸುತ್ತೆ” ಎಂದ. ನನ್ನ ಉದ್ದೇಶ ಅವಮಾನವಾಗಿರಲಿಲ್ಲ. ಆದರೆ ಗಾದೆಯನ್ನು ಯಾರು ಯಾರಿಗೆ ಹೇಳುತ್ತಿದ್ದರೆಂಬ ಒಂದು ಮಾತನ್ನೂ ನಾನು ಹೇಳಿರಲಿಲ್ಲ. ಆ ಗಾದೆಗಳನ್ನು ಪಾಠದಿಂದ ಕೈಬಿಡುವುದು ಸುಲಭವಾಗಿತ್ತು. ಬಿಡಲಿಲ್ಲ; ಪಾಠದ ಕ್ರಮವನ್ನು ಬದಲಾಯಿಸಿದೆ. ಈಗ ಗಾದೆಗೆ ಮೊದಲು ಅದನ್ನು ಕೇಳಬೇಕಾಗಿ ಬಂದವರ ಮಾತು ಬರುತ್ತದೆ.

ಹ್ಯೂನ ಕಥನಗೀತೆಯ ಪಾಠಾಂತರಗಳು ಇಲ್ಲಿ ಒಂದು ವಿಚಿತ್ರ ಸಮಸ್ಯೆಯನ್ನು ಒಡ್ಡುತ್ತವೆ. ಅಮೆರಿಕದಲ್ಲಿ ಸಂಗ್ರಹವಾದ ಹಲವು ರೂಪಗಳಲ್ಲಿ ಯಹೂದಿಯ ಮಗಳು ಮರೆಯಾಗಿ, ಆ ಸ್ಥಾನಕ್ಕೆ ಡ್ಯೂಕನ ಮಗಳೋ ಜಿಪ್ಸಿ ಹೆಂಗಸೋ ಬಂದಿದ್ದಾಳೆ. ಪಟ್ಟಿ ಹಿಡಿದು ಹೋದರೆ ಈ ಹಾಡುಗಳು ನಿರ್ದೋಷಿಗಳು. ಹಳೆಯ ಪಾಠವನ್ನು ತೆರೆದು, ಈ ಸುಳ್ಳು ಹೇಗೆ ಹುಟ್ಟಿತೆಂದು ತಿಳಿಸುವ ಅಧ್ಯಾಪಕನೇ ಅನುಮಾನಕ್ಕೆ ಗುರಿಯಾಗಬಹುದು. ಲಿಂಕನ್ ಪಟ್ಟಣದ ಪ್ರಧಾನ ಚರ್ಚಿನಲ್ಲಿ ಹ್ಯೂನ ಗದ್ದುಗೆಯ ಅವಶೇಷ ಇಂದಿಗೂ ಇದೆ. 1955ರಲ್ಲಿ ಚರ್ಚಿನವರು ಅದನ್ನು ಕೀಳಿಸಲಿಲ್ಲ. ಈ ಕಥೆ ಸುಳ್ಳೆಂದೂ, ಇದರಿಂದ ನಿರಪರಾಧಿ ಯಹೂದಿಗಳು ಪ್ರಾಣ ಕಳೆದುಕೊಂಡರೆಂದೂ ಬರೆಸಿದ ಫಲಕವೊಂದನ್ನು ಅದರ ಬಳಿ ಇರಿಸಿದರು.