ಉಪ್ಪುನೀರಿನ ಅಕ್ವೇರಿಯಂಗೆ ಪಾಚಿ ಕಾಟವೇ?

ಮಗನ ಹಟಕ್ಕೋ, ಯಜಮಾನರ ಆಸೆಗೋ ಹಾಲ್‌ನಲ್ಲಿ ಉಪ್ಪುನೀರಿನ ರೀಫ್ ಅಕ್ವೇರಿಯಂ ಬಂದು ಕೂತಿದೆ. ನೋಡೋಕೆ ಬಲು ಚೆಂದ. ಆದರೆ ಕೆಲವೇ ವಾರಗಳಲ್ಲಿ ಬಿಳಿ ಮರಳಿನ ಮೇಲೆ ಕಂದು ಪುಡಿ, ಆಮೇಲೆ ಕಲ್ಲಿನ ಮೇಲೆ ಹಸಿರು ಕೂದಲಿನಂಥ ಪಾಚಿ! ತಂದವರು ಆಫೀಸಿಗೆ, ಸ್ಕೂಲಿಗೆ ಹೋಗ್ತಾರೆ. ಉಜ್ಜೋ ಕೆಲಸ ಮಾತ್ರ ನಿಮ್ಮ ಪಾಲಿಗೆ.

ಗಾಬರಿ ಬೇಡ. ಹೊಸ ಟ್ಯಾಂಕ್‌ನಲ್ಲಿ ಇದು ಸಹಜ. ಕಂದು ಪುಡಿ ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ. ನೀರು, ಮರಳಿನಲ್ಲಿರೋ ಸಿಲಿಕೇಟ್ ಮುಗಿದಂತೆ ಸಾಮಾನ್ಯವಾಗಿ ತಾನಾಗೇ ಕಡಿಮೆಯಾಗುತ್ತೆ. ಹಸಿರು ಪಾಚಿಗೆ ಮಾತ್ರ ನೈಟ್ರೇಟ್, ಫಾಸ್ಫೇಟ್‌ಗಳೇ ಗೊಬ್ಬರ. ಅವು ಬರೋದು ಹೆಚ್ಚಾದ ಆಹಾರ, ಮೀನಿನ ಮಲ ಮತ್ತು ನೀರಿನಿಂದ.

ಹಾಲಿಗೆ ಹೆಪ್ಪು ಹಾಕಿದ ಮೇಲೆ ಕಾಯೋದಿಲ್ಲವೇ? ಇಲ್ಲೂ ಹಾಗೇ. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸೋ ಬ್ಯಾಕ್ಟೀರಿಯಾ ಬೆಳೆಯೋಕೆ ಸುಮಾರು 4ರಿಂದ 6 ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರೋ ತನಕ ಮೀನು ಬಿಡಬೇಡಿ. ಅವಸರ ಮಾಡಿದರೆ ದುಬಾರಿ ಮೀನುಗಳು ಸಾಯುತ್ತವೆ.

ಹೀಗೆ ಮಾಡಿ:

* ಬೋರ್‌ವೆಲ್, ನಲ್ಲಿ ನೀರು ಬೇಡ. ಕುಡಿಯೋ ನೀರಿನ ಆರ್‌ಓ ಕೂಡ ಸಾಲದು. ಕೆಲವು ಯಂತ್ರಗಳು ಖನಿಜಗಳನ್ನು ಮತ್ತೆ ಸೇರಿಸುತ್ತವೆ. ಡಿಐ ಫಿಲ್ಟರ್ ಕೂಡ ಇರಬೇಕು. ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು.

* ಆವಿಯಾದ ನೀರಿಗೆ ಬದಲಾಗಿ ಉಪ್ಪಿಲ್ಲದ ಶುದ್ಧ ನೀರನ್ನೇ ಹಾಕಿ. ಉಪ್ಪು ಆವಿಯಾಗಲ್ಲ ಅನ್ನೋದು ನೆನಪಿರಲಿ.

* ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಫ್ರೋಜನ್ ಆಹಾರವಾದರೆ ಕರಗಿಸಿ, ನೀರು ಬಸಿದು ಹಾಕಿ.

* ದೀಪ ದಿನಕ್ಕೆ 8 ಗಂಟೆ ಸಾಕು. ಕಿಟಕಿ ಬಿಸಿಲು ಬೀಳದಿರಲಿ.

* ಪಾಚಿಯನ್ನು ಕೈಯಿಂದ ಕಿತ್ತು ಹೊರಗೆ ತೆಗೆಯಿರಿ. ವಾರಕ್ಕೊಮ್ಮೆ ಶೇ 10ರಷ್ಟು ನೀರು ಬದಲಿಸಿ. ಸ್ಕಿಮ್ಮರ್ ಕಪ್ ತೊಳೆಯೋದನ್ನು ಮರೆಯಬೇಡಿ.

* ಪಾಚಿ ತಿನ್ನೋ ಟರ್ಬೋ ಬಸವನಹುಳು ಬಿಡಬಹುದು. ತಾಮ್ರ ಇರೋ ಔಷಧಿ ಮಾತ್ರ ಖಂಡಿತ ಬೇಡ. ಅದು ಹುಳು, ಹವಳ ಎರಡನ್ನೂ ಕೊಲ್ಲುತ್ತೆ.

ಟೆಸ್ಟ್ ಕಿಟ್‌ನಲ್ಲಿ ವಾರಕ್ಕೊಮ್ಮೆ ನೋಡಿ ಬರೆದಿಡಿ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಚಿಂತೆಯಿಲ್ಲ. ಪೂರ್ತಿ ಸೊನ್ನೆ ಮಾಡೋಕೆ ಹೊರಡಬೇಡಿ. ಹವಳಕ್ಕೂ ಅವು ಸ್ವಲ್ಪ ಬೇಕು. ಇಲ್ಲದಿದ್ದರೆ ಡೈನೋಫ್ಲಾಜಲೇಟ್ ಅನ್ನೋ ಲೋಳೆ ಹಬ್ಬಿ ಇನ್ನೂ ಕಾಡುತ್ತೆ.

ಇನ್ನೊಂದು ಎಚ್ಚರಿಕೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿವೆ. ನಮ್ಮ ಸಮುದ್ರದಿಂದ ಕಿತ್ತು ತಂದ ಹವಳವನ್ನಾಗಲಿ, ಹವಳದ ಕಲ್ಲನ್ನಾಗಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಸೆರಾಮಿಕ್ ಕಲ್ಲುಗಳ ಮೇಲೂ ಬ್ಯಾಕ್ಟೀರಿಯಾ ಚೆನ್ನಾಗಿ ನೆಲೆಸುತ್ತೆ.

ಮೊದಲ ಕೆಲವು ತಿಂಗಳು ತಾಳ್ಮೆಯಿಂದ ನೋಡಿಕೊಳ್ಳಿ. ಹಾಂ, ಭಾನುವಾರದ ನೀರು ಬದಲಿಸೋ ಕೆಲಸ ಟ್ಯಾಂಕ್ ತಂದವರಿಗೇ ಇರಲಿ!