ಉಪ್ಪನ ಮೀನಿನ ಸೈಕಲ್, ಮಗಳ ಗೇರ್ ಸೈಕಲ್

ನಮ್ಮ ಕರಾವಳಿಯ ಬ್ಯಾರಿ ಮನೆಗಳಲ್ಲಿ ಸೈಕಲ್ ಎಂದರೆ ಮೊದಲು ನೆನಪಾಗುವುದು ಮೀನಿನ ಬುಟ್ಟಿ. ಬೆಳಕು ಹರಿಯುವ ಮೊದಲೇ ದಕ್ಕೆಗೆ ಹೋಗಿ, ಬಂಗುಡೆ, ಬೂತಾಯಿ ತುಂಬಿಸಿಕೊಂಡು, ಹಾರ್ನ್ ಒತ್ತುತ್ತಾ ಮನೆ ಮನೆಗೆ ಮೀನು ಮುಟ್ಟಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ನನ್ನ ಉಪ್ಪನೂ ಅವರಲ್ಲೊಬ್ಬರು. ಅವರ ಸೈಕಲಿಗೆ ಗೇರ್ ಇರಲಿಲ್ಲ. ಏರು ಬಂದರೆ ಇಳಿದು ದೂಡುವುದು, ಇಳಿಜಾರು ಬಂದರೆ ದೇವರ ಮೇಲೆ ಭಾರ ಹಾಕಿ ಬಿಡುವುದು. ನಮ್ಮ ಮನೆಯ ಅಕ್ಕಿ, ನಮ್ಮ ಶಾಲೆಯ ಫೀಸು, ತಂಗಿಯ ಮದುವೆಯ ಖರ್ಚು ಎಲ್ಲ ಬಂದದ್ದು ಆ ಸೈಕಲಿನ ಕ್ಯಾರಿಯರ್ ಮೇಲೆಯೇ.

ನಾನು ಊರು ಬಿಟ್ಟು ಘಟ್ಟದ ಮೇಲೆ ಬಂದವ. ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯಲ್ಲಿ ನನ್ನದೊಂದು ಸಣ್ಣ ಬೇಕರಿ ಉಂಟು. ಇಲ್ಲಿ ನಮ್ಮ ಕಡೆಯ ಹಾಗೆ ಮುರಕಲ್ಲಿನ ಕಡಿದಾದ ಏರುಗಳಿಲ್ಲ. ಎರೆ ಹೊಲ, ಅಲ್ಲಲ್ಲಿ ಕೆಂಪು ಮಸಾರಿ ನೆಲ, ದೂರದಲ್ಲಿ ಗಾಳಿಯಂತ್ರಗಳನ್ನು ಹೊತ್ತ ಕಪ್ಪತಗುಡ್ಡ. ಗುಡ್ಡದ ಮೇಲೆ ಗಾಳಿಯಂತ್ರ ಯಾಕೆ ನಿಲ್ಲಿಸಿದ್ದಾರೆ ಎಂಬುದು ಸೈಕಲ್ ತುಳಿದವನಿಗೆ ಬೇಗ ಅರ್ಥವಾಗುತ್ತದೆ. ಮಳೆಗಾಲದ ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ಹೊರಟರೆ ಸಪಾಟು ರಸ್ತೆಯೂ ಏರು ರಸ್ತೆಯೇ.

ಮಗಳು ಹತ್ತನೇ ಕ್ಲಾಸಿಗೆ ಬಂದಾಗ ಸಮಸ್ಯೆ ಶುರುವಾಯಿತು. ನಾವಿರುವುದು ಊರ ಹೊರಗೆ, ಶಾಲೆಗೆ ಮೂರೂವರೆ ಕಿಲೋಮೀಟರ್. ಬೆಳಗ್ಗೆ ವಿಶೇಷ ತರಗತಿ ಇಟ್ಟರು. ಆ ಹೊತ್ತಿಗೆ ಬಸ್ಸಿಲ್ಲ, ನಾನು ಬೇಕರಿಯ ಒಲೆ ಬಿಟ್ಟು ಬರುವ ಹಾಗಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಗಿತ್ತು. ನಮ್ಮ ಸಂಬಂಧಿಕರ ಎಷ್ಟೋ ಹೆಣ್ಣುಮಕ್ಕಳು ಅದೇ ಸೈಕಲ್ ತುಳಿದು ಎಸ್ಸೆಸ್ಸೆಲ್ಸಿ ಮುಗಿಸಿದರು. ಕೊರೋನಾ ಬಂದ ಮೇಲೆ ಅದು ನಿಂತಿತು, ನನ್ನ ಮಗಳ ಪಾಲಿಗೆ ಬರಲೇ ಇಲ್ಲ. ಒಂದು ದಿನ ಅವಳು, "ಉಪ್ಪಾ, ಬೆಳಗ್ಗಿನ ಕ್ಲಾಸ್ ಬೇಡ ಅಂತ ಟೀಚರಿಗೆ ಹೇಳಿಬಿಡ್ತೇನೆ" ಎಂದಳು. ಹೇಳಿದ್ದು ಮೆಲ್ಲಗೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅದೇ ತಿಂಗಳು ನನ್ನ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಬಂದಿತ್ತು. ದಿನವಿಡೀ ಕೇಕು, ಖಾರಿ ನಡುವೆ ನಿಲ್ಲುವವನಿಗೆ ಇದು ಆಶ್ಚರ್ಯದ ವಿಷಯವಲ್ಲ. ಡಾಕ್ಟರ್ ಮಾತ್ರೆಯ ಜೊತೆ ನಡಿಗೆಯನ್ನೋ ಸೈಕಲನ್ನೋ ಹಿಡಿಯಿರಿ ಎಂದರು. ವಯಸ್ಕರು ವಾರಕ್ಕೆ ಕಡಿಮೆಯೆಂದರೂ 150 ನಿಮಿಷ ಮೈ ಬಿಸಿಯಾಗುವಂಥ ವ್ಯಾಯಾಮ ಮಾಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹಾಗಾಗಿ ಮನೆಗೆ ಒಂದು ಸೈಕಲ್, ತುಳಿಯುವವರು ಇಬ್ಬರು ಎಂದು ತೀರ್ಮಾನವಾಯಿತು.

ಮೊದಲ ಸೈಕಲ್, ಮೊದಲ ಪೆಟ್ಟು

ಮೊದಲು ಮಾಡಿದ್ದು ತಪ್ಪು. ಫೋನಿನಲ್ಲಿ ಚಿತ್ರ ನೋಡಿ ತರಿಸಿದೆ. ದಪ್ಪ ಟಯರು, ಮುಂದೆ ಸ್ಪ್ರಿಂಗ್, ಹಿಂದೆಯೂ ಸ್ಪ್ರಿಂಗ್, 21 ಗೇರ್, ಕಣ್ಣಿಗೆ ಮೋಟಾರ್ ಸೈಕಲ್ ಹಾಗೆ ಕಾಣುತ್ತಿತ್ತು. ಮಗಳು ಒಂದು ವಾರ ತುಳಿದಳು. ಎರಡನೇ ವಾರ ಕ್ಲಾಸಿಗೆ ಹೋಗಿ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ ಎಂದು ಟೀಚರ್ ಫೋನ್ ಮಾಡಿದರು.

ಊರಿನ ಸೈಕಲ್ ರಿಪೇರಿಯವರ ಹತ್ತಿರ ಒಯ್ದೆ. ಅವರು ಸೀಟು ಹಿಡಿದು ಎರಡು ಸಲ ಒತ್ತಿದರು, ನಕ್ಕರು.

"ಸಾಹೇಬ್ರ, ಮಗಳು ತುಳಿಯೋ ಶಕ್ತಿ ಅರ್ಧ ಈ ಸ್ಪ್ರಿಂಗ್ ತಿಂತೈತ್ರಿ. ಇದು ಕುಂತು ಎದ್ದು ಆಟ ಆಡ್ತೈತಿ. ಇಷ್ಟ ದಪ್ಪ ಟಯರ್ ಡಾಂಬರ್ ರಸ್ತಾಕ್ಕ ಯಾಕ ಬೇಕ್ರಿ? ಇದನ್ನ ಗುಡ್ಡಾ ಹತ್ತಾಕ ಒಯ್ರಿ, ಸಾಲಿಗೆ ಬ್ಯಾಡ."

ಗುಡ್ಡ ಹತ್ತುವ ಸೈಕಲ್ ಎಂದರೆ ಏನು ಎಂದು ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ವಿಜಯಪುರ, ಬಾಗಲಕೋಟೆ, ಗದಗ ಎಂದರೆ ನಮ್ಮ ರಾಜ್ಯದ ಸೈಕ್ಲಿಂಗಿನ ತವರು. ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ಗದಗದಲ್ಲೇ ನಡೆದದ್ದುಂಟು. ಆದರೆ ನಿಜವಾದ ಮೌಂಟೇನ್ ಬೈಕ್ ಬೇರೆ, ಅದರ ವೇಷ ಹಾಕಿದ ಅಗ್ಗದ ಭಾರದ ಸೈಕಲ್ ಬೇರೆ. ನಾನು ಕೊಂಡದ್ದು ವೇಷವನ್ನು.

ಹೈಬ್ರಿಡ್ ಅಂದರೆ ಎಂತದು?

ರೇಸ್ ಸೈಕಲಿನ ದೊಡ್ಡ, ಹಗುರ ಚಕ್ರ ಮತ್ತು ಗುಡ್ಡದ ಸೈಕಲಿನ ನೇರ ಹ್ಯಾಂಡಲ್, ಇವೆರಡನ್ನು ಸೇರಿಸಿದರೆ ಹೈಬ್ರಿಡ್. ಬೆನ್ನು ಪೂರ್ತಿ ಬಗ್ಗಿಸಬೇಕಾಗಿಲ್ಲ, ಟ್ರಾಫಿಕ್ ಕಾಣುತ್ತದೆ, ಡಾಂಬರಿನಲ್ಲೂ ಹೊಲದ ದಾರಿಯಲ್ಲೂ ಹೋಗುತ್ತದೆ. ಚಕ್ರದ ಅಳತೆಯನ್ನು 700ಸಿ ಎನ್ನುತ್ತಾರೆ. ಟಯರ್ ಅಗಲ ಸಾಮಾನ್ಯವಾಗಿ 35ರಿಂದ 42 ಮಿ.ಮೀ.

ಇಲ್ಲೊಂದು ಮೋಸ ಹೋಗುವ ಜಾಗ ಉಂಟು. 700ಸಿಗೂ ಕೆಲವರು 28 ಇಂಚು ಎನ್ನುತ್ತಾರೆ, ನಮ್ಮ ಉಪ್ಪನ ಕಾಲದ ದೊಡ್ಡ ಸೈಕಲಿಗೂ 28 ಇಂಚು ಎನ್ನುತ್ತಾರೆ. ಎರಡೂ ಒಂದಲ್ಲ. ಹೈಬ್ರಿಡ್ ರಿಮ್ಮಿನ ಅಳತೆ 622 ಮಿ.ಮೀ., ಹಳೆ ಸೈಕಲಿನದ್ದು 635. ಹಳ್ಳಿ ಅಂಗಡಿಯಲ್ಲಿ ನೇತು ಹಾಕಿದ 28ರ ಟಯರ್ ತಂದರೆ ಅದು ಕೂರುವುದೇ ಇಲ್ಲ. ಆದ್ದರಿಂದ ಹಳ್ಳಿಯಲ್ಲಿರುವವರು ಸೈಕಲಿನ ಜೊತೆಗೇ ಎರಡು ಟ್ಯೂಬ್, ಒಂದು ಟಯರ್ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು, ವಾಲ್. ಸ್ಕೂಟರಿನ ಹಾಗೆ ದಪ್ಪ ವಾಲ್ ಇರುವ ಟ್ಯೂಬಾದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಾಕಿಸಬಹುದು. ಸಣ್ಣ, ತೆಳು ಪ್ರೆಸ್ಟಾ ವಾಲ್ ಆದರೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಕಿಸೆಯಲ್ಲಿರಬೇಕು.

ಇಬ್ಬರಿಗೆ ಒಂದೇ ಸೈಕಲ್

ಅಂಗಡಿಗೆ ಹೋಗುವಾಗ ಮಗಳನ್ನು ಕರೆದುಕೊಂಡೇ ಹೋದೆ. ಅವಳ ಎತ್ತರ ಐದಡಿ ಒಂದಿಂಚು, ನನ್ನದು ಐದಡಿ ಆರು. ಇಂಥ ಕಡೆ ಸಣ್ಣ ಅಳತೆಯ ಫ್ರೇಮನ್ನೇ ಆರಿಸಬೇಕು. ಸಣ್ಣ ಫ್ರೇಮಿನ ಸೀಟು ಮೇಲಕ್ಕೆ ಏರಿಸಬಹುದು, ದೊಡ್ಡ ಫ್ರೇಮನ್ನು ಕೆಳಗಿಳಿಸಲು ಆಗುವುದಿಲ್ಲ. ಸೈಕಲಿನ ಮೇಲಿನ ಕಂಬಿಯ ಎರಡೂ ಬದಿಗೆ ಕಾಲಿಟ್ಟು ನಿಂತಾಗ ಕಂಬಿಗೂ ಮೈಗೂ ಒಂದೆರಡು ಇಂಚಿನ ಅಂತರ ಇರಬೇಕು. ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಮಾತ್ರ ಬಾಗುತ್ತದೆ, ನೋವು ಬರುವುದಿಲ್ಲ. ನಾವು ಸೀಟಿನ ಕಂಬದ ಮೇಲೆ ಎರಡು ಬಣ್ಣದ ಟೇಪ್ ಸುತ್ತಿದ್ದೇವೆ. ಕೆಂಪು ಮಗಳದ್ದು, ನೀಲಿ ನನ್ನದು. ಕಂಬದ ಮೇಲೆ ಕಂಪನಿಯವರು ಹಾಕಿದ ಗೆರೆ ಉಂಟು. ಅದಕ್ಕಿಂತ ಮೇಲೆ ಎಳೆಯಬಾರದು.

ಉದ್ದ ಉಡುಪಿನ ವಿಷಯ ನಮ್ಮ ಮನೆಗಳಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಊರಿನಿಂದ ದೊಡ್ಡಮ್ಮ ಫೋನಿನಲ್ಲಿ, "ಹುಡುಗಿಗೆ ಗೇರ್ ಸೈಕಲಾ? ಬಟ್ಟೆ ಸಿಕ್ಕಿ ಬಿದ್ದರೆ?" ಎಂದರು. ಕೇಳಿದ್ದು ಸರಿಯಾಗಿಯೇ ಉಂಟು. ಗೇರ್ ಸೈಕಲಿಗೆ ಹಳೆ ಸೈಕಲಿನ ಹಾಗೆ ಪೂರ್ತಿ ಚೈನ್ ಕವರ್ ಇರುವುದಿಲ್ಲ. ಅದಕ್ಕೆ ಉಪಾಯ ಮೂರು. ಮುಂದಿನ ಹಲ್ಲುಚಕ್ರದ ಹೊರಗೆ ಪ್ಲಾಸ್ಟಿಕ್ ಬಳೆ ಇರುವ ಸೈಕಲನ್ನೇ ನೋಡುವುದು, ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಹಾಕಿಸುವುದು, ಪ್ಯಾಂಟಿನ ಕಾಲಿಗೆ ರಬ್ಬರ್ ಪಟ್ಟಿ, ಶಾಲಿಗೆ ಪಿನ್ನು. ಮಗಳು ಒಂದು ದಿನವೂ ಬೀಳಲಿಲ್ಲ.

ಗೇರ್, ಬ್ರೇಕ್, ಫೋರ್ಕ್

ಗೇರಿನ ಸಂಖ್ಯೆಗೆ ಮರುಳಾಗಬೇಡಿ. ಎದುರುಗಾಳಿಯಲ್ಲಿ, ಏರಿನಲ್ಲಿ ಬೇಕಾಗುವುದು ತೀರ ಹಗುರದ ಒಂದು ಗೇರ್. ಮುಂದಿನ ಸಣ್ಣ ಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡದಕ್ಕೂ 28 ಇದ್ದರೆ ಒಂದು ಸುತ್ತು ತುಳಿದಾಗ ಸೈಕಲ್ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಹಿಂದೆ 34 ಹಲ್ಲಿದ್ದರೆ ಸುಮಾರು 1.8 ಮೀಟರ್. ದೂರ ಕಡಿಮೆಯಾದಷ್ಟು ಕಾಲಿಗೆ ಭಾರವೂ ಕಡಿಮೆ. ಶಿಮಾನೋ ಕಂಪನಿಯ ಗೇರಿನಲ್ಲಿ ಟೂರ್ನಿ ಕೆಳಗಿನ ಮಟ್ಟದ್ದು, ಅದರ ಮೇಲೆ ಆಲ್ಟಸ್, ಅಸೆರಾ. ದಿನನಿತ್ಯದ ಕೆಲಸಕ್ಕೆ ಇವು ಸಾಕು. ಹಿಂದಿನ ಹಲ್ಲುಚಕ್ರ ಹಳೆ ರೀತಿಯ ತಿರುಪಿನ ಫ್ರೀವೀಲಾ, ಕ್ಯಾಸೆಟಾ ಎಂದು ಕೇಳಿ. ಹಿಂದೆ ಭಾರ ಹೇರುವವರಿಗೆ ಕ್ಯಾಸೆಟಿನ ಹಬ್ ಗಟ್ಟಿ, ಅದರ ಆಕ್ಸೆಲ್ ಬೇಗ ಬಾಗುವುದಿಲ್ಲ.

ಬ್ರೇಕಿನಲ್ಲಿ ಎರೆ ಮಣ್ಣಿನ ಲೆಕ್ಕ ಹಾಕಬೇಕು. ಮಳೆ ಬಿದ್ದ ಎರೆ ಮಣ್ಣು ರೊಟ್ಟಿ ಹಿಟ್ಟಿನ ಹಾಗೆ ಟಯರಿಗೆ ಅಂಟಿ, ರಿಮ್ ಹಿಡಿಯುವ ವಿ-ಬ್ರೇಕಿಗೆ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ಡಿಸ್ಕ್ ಬ್ರೇಕ್ ಚಕ್ರದ ನಡುವೆ ಇರುವುದರಿಂದ ಕೆಸರು ಅಷ್ಟು ಬೇಗ ಮುಟ್ಟುವುದಿಲ್ಲ. ಎಣ್ಣೆಯ ಹೈಡ್ರಾಲಿಕ್ ಬ್ರೇಕ್ ಮೆತ್ತಗೆ ಹಿಡಿಯುತ್ತದೆ, ನಿಜ. ಆದರೆ ಗಾಳಿ ಹೊಕ್ಕರೆ ತೆಗೆಯುವ ಸಾಮಾನು ಹಳ್ಳಿಯಲ್ಲಿ ಸಿಗುವುದಿಲ್ಲ. ಹಾಗಾಗಿ ತಂತಿಯ ಡಿಸ್ಕ್ ಬ್ರೇಕ್ ಆರಿಸಿದೆವು. ಕೆಸರಿಲ್ಲದ ಊರಿನವರಿಗೆ ವಿ-ಬ್ರೇಕೇ ಸಾಕು. ರಬ್ಬರ್ ಅಗ್ಗ, ಯಾರು ಬೇಕಾದರೂ ಹಾಕುತ್ತಾರೆ.

ಮುಂದಿನ ಫೋರ್ಕಿಗೆ ಸ್ಪ್ರಿಂಗ್ ಬೇಡ ಎಂದೆ. ಅಗ್ಗದ ಸ್ಪ್ರಿಂಗ್ ಭಾರ ಹೆಚ್ಚಿಸುತ್ತದೆಯೇ ಹೊರತು ಕೈಗೆ ಸುಖ ಕೊಡುವುದಿಲ್ಲ. ಅದರ ಬದಲು ಅಗಲ ಟಯರಿಗೆ ಸ್ವಲ್ಪ ಕಡಿಮೆ ಗಾಳಿ ಹಾಕಿದರೆ ಸಾಕು. ಎಷ್ಟು ಹಾಕಬೇಕೆಂಬುದು ಟಯರಿನ ಬದಿಯಲ್ಲೇ ಬರೆದಿರುತ್ತದೆ, ಆ ಮಿತಿಯೊಳಗೆ ಇರಲಿ. ಮಡ್‌ಗಾರ್ಡ್, ಕ್ಯಾರಿಯರ್ ಕೂರಿಸುವ ತೂತುಗಳು ಫ್ರೇಮಿನಲ್ಲಿ ಉಂಟಾ ಎಂದು ನೋಡುವುದನ್ನು ಮರೆಯಬೇಡಿ.

ಇಂಥ ಹೈಬ್ರಿಡ್‌ಗಳು ಸುಮಾರು 15ರಿಂದ 30 ಸಾವಿರ ರೂಪಾಯಿಯೊಳಗೆ ಸಿಗುತ್ತವೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಬದಲಾಯಿಸುವುದು ಏನನ್ನು, ಬಿಡುವುದು ಏನನ್ನು?

ಸೈಕಲ್ ಬಂದ ಮೊದಲ ತಿಂಗಳಲ್ಲೇ ಐದು ಪಂಕ್ಚರ್. ಕಾರಣ ನೆಗ್ಗಿಲ ಮುಳ್ಳು. ಹೊಲದ ಬದುವಿನಲ್ಲಿ ನೆಲಕ್ಕೆ ಹಬ್ಬುವ ಈ ಗಿಡದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಸಾಲದ್ದಕ್ಕೆ ಜಾಲಿ ಮುಳ್ಳು ಬೇರೆ. ಒಳಗೆ ಪಂಕ್ಚರ್ ತಡೆಯುವ ಪದರ ಇರುವ ಟಯರ್ ಎರಡು ಹಾಕಿಸಿದೆ. ಆಮೇಲೆ ಪಂಕ್ಚರ್ ಅಪರೂಪ. ಖರ್ಚು ಮಾಡುವುದಾದರೆ ಮೊದಲು ಟಯರಿಗೇ ಮಾಡಿ, ತುಳಿಯುವವರಿಗೆ ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ.

ಎರಡನೆಯದು ದೀಪ. ಬೆಳಗ್ಗೆ ಕತ್ತಲಲ್ಲಿ ಹೊರಡುವ ಮಗುವಿಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಮತ್ತು ಹೆಲ್ಮೆಟ್ ಇಲ್ಲದೆ ಸೈಕಲ್ ಮನೆ ಬಿಡಬಾರದು. ಮೂರನೆಯದು ಬ್ರೇಕ್ ಪ್ಯಾಡ್ ಮತ್ತು ಕಾಲು ಜಾರದ ಅಗಲ ಪೆಡಲ್. ಸೀಟು ಚುಚ್ಚಿದರೆ ಕೂಡಲೇ ಬದಲಾಯಿಸಬೇಡಿ. ಮೊದಲು ಸೀಟನ್ನು ನೆಲಕ್ಕೆ ಸಮವಾಗಿ ಇಟ್ಟು, ಎತ್ತರ ಸರಿಮಾಡಿ ಎರಡು ವಾರ ನೋಡಿ. ಗೇರ್ ಭಾರವೆನಿಸಿದರೆ ಹಿಂದಿನ ಹಲ್ಲುಚಕ್ರವನ್ನು 34ರದ್ದಕ್ಕೆ ಬದಲಾಯಿಸಬಹುದು. ಆದರೆ ನಿಮ್ಮ ಗೇರಿನ ಯಂತ್ರ ಅಷ್ಟು ದೊಡ್ಡದನ್ನು ತಾಳುತ್ತದಾ ಎಂದು ಕೇಳಿಯೇ ಹಾಕಿಸಿ. ಚೈನೂ ಉದ್ದದ್ದು ಬೇಕಾಗಬಹುದು.

ಹೊಸ ಫೋರ್ಕ್, ಹೊಸ ಚಕ್ರ, ಹೊಸ ಕ್ರ್ಯಾಂಕ್ ಎಂದು ಹೋಗಬೇಡಿ. ಅಷ್ಟು ಹಣ ಇದ್ದರೆ ಮೊದಲೇ ಒಂದು ಮಟ್ಟ ಮೇಲಿನ ಸೈಕಲ್ ಕೊಳ್ಳುವುದು ಲಾಭ.

ಚೈನಿಗೆ ನಾನು ಊರಿನ ಅಭ್ಯಾಸದಲ್ಲಿ ತೆಂಗಿನೆಣ್ಣೆ ಬಿಟ್ಟಿದ್ದೆ. ರಿಪೇರಿಯವರು ಬೈದರು. ಧೂಳೆಲ್ಲ ಅಂಟಿ ಚೈನನ್ನು ಅರಗೊರಸಿನ ಹಾಗೆ ತೇಯುತ್ತದಂತೆ. ತೆಂಗಿನೆಣ್ಣೆ ತಲೆಗೆ, ಮೀನು ಹುರಿಯಲಿಕ್ಕೆ ಇರಲಿ. ಚೈನನ್ನು ಒರೆಸಿ, ಚೈನಿನ ಎಣ್ಣೆಯನ್ನೇ ಕೊಂಡಿಗೆ ಒಂದು ಹನಿಯಂತೆ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಬೇಕು. ಡಿಸ್ಕಿಗೆ ಒಂದು ಹನಿಯೂ ತಾಗಬಾರದು, ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಕರಾವಳಿಯವರಿಗೆ ಧೂಳಿಗಿಂತ ಉಪ್ಪುಗಾಳಿ, ಮಳೆ ಶತ್ರು. ಮಳೆಯಲ್ಲಿ ನೆನೆದ ದಿನವೇ ಒರೆಸಿ ಎಣ್ಣೆ ಬಿಡಿ.

ಚೈನ್ ಸವೆದಿದೆಯಾ ಎಂದು ನೋಡಲು ಮಕ್ಕಳ ಸ್ಕೇಲು ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ 12 ಇಂಚಿಗೆ ಸರಿಯಾಗಿ 24ನೇ ಪಿನ್ನಿನ ನಡು ಬರಬೇಕು. ಅದು ಒಂದೂವರೆ ಮಿ.ಮೀ. ಮುಂದೆ ಹೋಗಿದ್ದರೆ ಚೈನ್ ಬದಲಾಯಿಸಿ. ತಡಮಾಡಿದರೆ ಹಲ್ಲುಚಕ್ರವನ್ನೂ ಬದಲಾಯಿಸಬೇಕಾಗುತ್ತದೆ.

ಉಪ್ಪ ಬಂದರು

ಮಗಳು ಬೆಳಗ್ಗಿನ ಕ್ಲಾಸ್ ಒಂದನ್ನೂ ಬಿಡಲಿಲ್ಲ. ಸಂಜೆ ಅಸರ್ ನಮಾಜ್ ಮುಗಿಸಿ ನೀಲಿ ಟೇಪಿನವರೆಗೆ ಸೀಟು ಏರಿಸಿ ನಾನು ಹೊರಡುತ್ತೇನೆ. ಮಾತ್ರೆ ನಿಂತಿಲ್ಲ, ಆದರೆ ಡಾಕ್ಟರ್ ಈ ಸಲ ಹೆಚ್ಚು ಮಾಡಲಿಲ್ಲ.

ಕಳೆದ ರಜೆಯಲ್ಲಿ ಉಪ್ಪ, ಉಮ್ಮ ಬೆಳ್ಳಟ್ಟಿಗೆ ಬಂದಿದ್ದರು. ಉಪ್ಪ ಹೊಸ ಸೈಕಲಿನ ಸುತ್ತ ಎರಡು ಸಲ ನಡೆದರು. ಗೇರ್ ನೋಡಿದರು, ಡಿಸ್ಕ್ ಮುಟ್ಟಿದರು, ಒಂದು ಕೈಯಲ್ಲಿ ಎತ್ತಿ ಭಾರ ನೋಡಿದರು. ನಾನು ಹೆಮ್ಮೆಯಿಂದ ನಿಂತಿದ್ದೆ.

"ಎಲ್ಲ ಉಂಟು. ಕ್ಯಾರಿಯರ್ ಎಲ್ಲಿ?" ಎಂದರು.

ನಾನು ಹಾಕಿಸಿರಲಿಲ್ಲ. ಚಂದ ಕೆಡುತ್ತದೆ ಎಂದು ಬಿಟ್ಟಿದ್ದೆ. ಮಗಳು ಅಷ್ಟು ತಿಂಗಳು ಏಳು ಕಿಲೋ ಪುಸ್ತಕದ ಚೀಲವನ್ನು ಬೆನ್ನ ಮೇಲೆ ಹೊತ್ತೇ ತುಳಿದಿದ್ದಳು, ಹೇಳಿರಲಿಲ್ಲ. ಮರುದಿನವೇ 25 ಕಿಲೋ ತಾಳುವ ಕ್ಯಾರಿಯರ್ ಹಾಕಿಸಿದೆವು. ಬೋಲ್ಟ್ ಬಿಗಿ ಮಾಡಿದ್ದು ಉಪ್ಪನೇ. ಪಾನಾ ಹಿಡಿದ ಅವರ ಕೈ ಒಂದಿಷ್ಟೂ ನಡುಗಲಿಲ್ಲ.