ಎಂಟು ಕಿಲೋಮೀಟರ್ ಕಾರಿಡಾರಿನ ಮನೆ

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ, ರಾದರ್‌ಹ್ಯಾಮ್ ಪಟ್ಟಣದ ಹತ್ತಿರ ಒಂದು ಮನೆಯಿದೆ. ಹೆಸರು ವೆಂಟ್‌ವರ್ತ್ ವುಡ್‌ಹೌಸ್. ಅದು ಅರಮನೆಯಲ್ಲ, ಕೋಟೆಯೂ ಅಲ್ಲ. ಹಳ್ಳಿಗಾಡಿನ ಶ್ರೀಮಂತ ಕುಟುಂಬವೊಂದು ತನ್ನ ವಾಸಕ್ಕೆಂದು ಕಟ್ಟಿಸಿಕೊಂಡ ಮನೆ, ಅಷ್ಟೇ. ಆದರೆ ಅದರ ಪೂರ್ವದಿಕ್ಕಿನ ಮುಂಭಾಗದ ಉದ್ದ 606 ಅಡಿ! ಅದರ ಮುಂದೆ 22 ಗಜದ ಕ್ರಿಕೆಟ್ ಪಿಚ್‌ಗಳನ್ನು ಸಾಲಾಗಿ ಜೋಡಿಸುತ್ತ ಹೋದರೆ ಒಂಬತ್ತು ಪಿಚ್ ಹಿಡಿದು, ಮೇಲೆ 12 ಅಡಿ ಉಳಿಯುತ್ತದೆ. ಉಸೇನ್ ಬೋಲ್ಟ್ ತನ್ನ 200 ಮೀಟರ್ ವಿಶ್ವದಾಖಲೆಯ ವೇಗದಲ್ಲೇ ಓಡಿದರೂ ಈ ತುದಿಯಿಂದ ಆ ತುದಿ ಮುಟ್ಟಲು ಸುಮಾರು 18 ಸೆಕೆಂಡು ಬೇಕು. ನಮ್ಮ ನಿಮ್ಮಂಥವರು ನಡೆದು ಹೋದರೆ ಎರಡು ನಿಮಿಷ ದಾಟುತ್ತದೆ.

ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂಭಾಗ ಎಷ್ಟುದ್ದ ಗೊತ್ತೆ? 355 ಅಡಿ. ಅಂದರೆ ದೊರೆಯ ಅರಮನೆಯನ್ನು ತಂದು ಈ ಮನೆಯ ಎದುರು ನಿಲ್ಲಿಸಿದರೆ ಇನ್ನೂ 251 ಅಡಿ ಮರೆಯಾಗದೆ ಹೊರಗೇ ಉಳಿಯುತ್ತದೆ.

ಇಷ್ಟಾದರೂ ನಾವು ನೋಡಿದ್ದು ಒಂದೇ ಮಗ್ಗುಲು. ಹಿಂದೆ ಹೋದರೆ ಇನ್ನೊಂದು ಮನೆ! ಥಾಮಸ್ ವಾಟ್ಸನ್ ವೆಂಟ್‌ವರ್ತ್ ಎಂಬ ಧನಿಕ 1720ರ ದಶಕದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ, ಅಲಂಕಾರ ತುಂಬಿದ ಬರೋಕ್ ಶೈಲಿಯ ಮನೆ ಕಟ್ಟಿಸಲು ಹೊರಟ. ಅದರ ಗಾರೆ ಆರುವ ಮೊದಲೇ ಶೈಲಿ ಹಳತಾಯಿತು ಅನ್ನಿಸಿರಬೇಕು. 1730ರ ದಶಕದಲ್ಲಿ ಅದರ ಬೆನ್ನಿಗೇ, ಪೂರ್ವಕ್ಕೆ ಮುಖ ಮಾಡಿದ, ಗಂಭೀರ ಕಂಬಸಾಲಿನ ಇನ್ನೊಂದು ಮನೆ ಎಬ್ಬಿಸತೊಡಗಿದ. ಒಂದು ಮನೆಗೆ ಎರಡು ಮುಖ, ಎರಡಕ್ಕೂ ಬೇರೆ ಬೇರೆ ಚಹರೆ.

ಒಳಗೆ ಕೋಣೆಗಳು 300ಕ್ಕೂ ಹೆಚ್ಚು. ವರ್ಷದ ದಿನಕ್ಕೊಂದರಂತೆ 365 ಎಂದು ಹೇಳುವವರೂ ಇದ್ದಾರೆ. ಥಾಮಸನ ಮಗ, ರಾಕಿಂಗ್‌ಹ್ಯಾಮ್‌ನ ಎರಡನೇ ಮಾರ್ಕ್ವಿಸ್, ಎರಡು ಸಲ ಬ್ರಿಟನ್ನಿನ ಪ್ರಧಾನಿಯಾದ. ಎರಡನೇ ಸಲ, 1782ರಲ್ಲಿ, 96 ದಿನಕ್ಕೆ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ. ಆ ಅವಧಿಯಷ್ಟೂ ಊರಲ್ಲೇ ಇದ್ದು ರಾತ್ರಿಗೊಂದು ಕೋಣೆಯಲ್ಲಿ ಮಲಗಿದ್ದರೂ ತನ್ನ ಮನೆಯ ಮೂರನೇ ಒಂದು ಪಾಲು ಕೋಣೆಗಳನ್ನೂ ಆತ ಮುಗಿಸುತ್ತಿರಲಿಲ್ಲ!

ಕೋಣೆಗಳನ್ನು ಬೆಸೆಯುವ ಕಾರಿಡಾರುಗಳ ಒಟ್ಟು ಉದ್ದ ಐದು ಮೈಲಿ ಎನ್ನುತ್ತಾರೆ, ಅಂದರೆ 8 ಕಿಲೋಮೀಟರ್. ಕೆಲಸದವಳೊಬ್ಬಳು ದಿನಕ್ಕೊಮ್ಮೆ ಎಲ್ಲ ಕಾರಿಡಾರುಗಳನ್ನೂ ಸುತ್ತಿ ಬಂದರೆ 14 ವರ್ಷ ತುಂಬುವ ಮೊದಲೇ ಭೂಮಿಯನ್ನು ಒಂದು ಸುತ್ತು ಹಾಕಿದಷ್ಟು ನಡೆದಿರುತ್ತಾಳೆ, ಹೊಸ್ತಿಲು ದಾಟದೆ! ಅತಿಥಿಗಳು ದಾರಿ ತಪ್ಪದಿರಲೆಂದು ಅವರಿಗೆ ಬಣ್ಣದ ಕಾಗದದ ಚೂರುಗಳನ್ನು ಕೊಡುತ್ತಿದ್ದರಂತೆ. ಊಟಕ್ಕೆ ಹೋಗುವಾಗ ಉದುರಿಸುತ್ತ ಹೋಗುವುದು, ಮಲಗಲು ಬರುವಾಗ ಅದೇ ಜಾಡು ಹಿಡಿಯುವುದು.

ಒಟ್ಟು ನೆಲ ಸುಮಾರು 2,50,000 ಚದರಡಿ. ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ 208 ಥರ್ಟಿ-ಫಾರ್ಟಿ ಸೈಟು, ಒಂದು ಇಡೀ ಬಡಾವಣೆ! ಮಾರ್ಬಲ್ ಸಲೂನ್ ಎಂಬ ಒಂದೇ ಹಜಾರ 60 ಅಡಿ ಉದ್ದ, 60 ಅಡಿ ಅಗಲ, 40 ಅಡಿ ಎತ್ತರ. ಒಂಬತ್ತು ಅಡಿಯ ನಾಲ್ಕು ಆನೆಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಮೇಲಿನದರ ಬೆನ್ನು ಚಾವಣಿಗೆ ತಾಗದು. ದಿಲ್ಲಿ ದರ್ಬಾರು ಮುಗಿಸಿ ಹೋಗಿದ್ದ ಐದನೇ ಜಾರ್ಜ್ ದೊರೆ 1912ರಲ್ಲಿ ಇಲ್ಲಿಗೆ ಅತಿಥಿಯಾಗಿ ಬಂದಾಗ, ರಷ್ಯದ ನರ್ತಕಿ ಅನ್ನಾ ಪಾವ್ಲೊವಾ ಕುಣಿದದ್ದು ಇದೇ ಹಜಾರದಲ್ಲಿ.

ಇಂಥ ಮನೆಯ ಯಜಮಾನರ ಹತ್ತಿರ ದುಡ್ಡು ಎಷ್ಟಿತ್ತು? ಪ್ರಧಾನಿಗೆ ಮಕ್ಕಳಿರಲಿಲ್ಲ, ಆಸ್ತಿ ಸೋದರಳಿಯ ಅರ್ಲ್ ಫಿಟ್ಜ್‌ವಿಲಿಯಂಗೆ ಹೋಯಿತು. ಆ ವಂಶದ ಆರನೇ ಅರ್ಲ್ 1902ರಲ್ಲಿ ಕಣ್ಣು ಮುಚ್ಚಿದಾಗ ಬಿಟ್ಟು ಹೋದದ್ದು 28 ಲಕ್ಷ ಪೌಂಡ್. ಆಗ ಒಂದು ಪೌಂಡ್ ಎಂದರೆ ಸುಮಾರು 8 ಗ್ರಾಂ ತೂಗುವ ಚಿನ್ನದ ನಾಣ್ಯ. ತಕ್ಕಡಿಗೆ ಹಾಕಿದರೆ 22 ಟನ್ ನಾಣ್ಯ! ನಾಲ್ಕು ಟನ್ನಿನ ಆನೆಗಳಲ್ಲಿ ಹೇಳಿದರೆ, ಐದೂವರೆ ಆನೆ ತೂಕದ ಬಂಗಾರ.

ಆ ಬಂಗಾರಕ್ಕೆ ಮೂಲ ನೆಲದಡಿಯ ಕಲ್ಲಿದ್ದಲು. ಕೊನೆಗೆ ಅದೇ ಕಲ್ಲಿದ್ದಲು ಮನೆಯ ಬಾಗಿಲಿಗೇ ಬಂತು. 1946ರಲ್ಲಿ ಇಂಧನ ಸಚಿವ ಇಮಾನ್ಯುಯೆಲ್ ಶಿನ್‌ವೆಲ್ ಅಪ್ಪಣೆಯಂತೆ ಯಂತ್ರಗಳು ಬಂದು ತೋಟವನ್ನೇ ಬಗೆದವು. ಬೇಡವೆಂದು ಪಟ್ಟು ಹಿಡಿದವರಲ್ಲಿ ಯಾರ್ಕ್‌ಷೈರಿನ ಗಣಿ ಕಾರ್ಮಿಕರ ಸಂಘದ ಅಧ್ಯಕ್ಷರೂ ಇದ್ದರು! ಯಾರೂ ಕೇಳಲಿಲ್ಲ. ತೋಟವೊಂದರಿಂದಲೇ ಎತ್ತಿದ ಕಲ್ಲಿದ್ದಲು 1,32,000 ಟನ್. ಎಷ್ಟು ಆನೆ? 33,000! ಇಡೀ ಭಾರತದ ಕಾಡುಗಳಲ್ಲಿರುವ ಆನೆಗಳನ್ನೆಲ್ಲ ಸೇರಿಸಿದರೂ 30,000 ಮುಟ್ಟುವುದಿಲ್ಲ. ಅಷ್ಟು ಭಾರ ಒಂದು ಮನೆಯ ಹಿತ್ತಲಿನಿಂದ ಎದ್ದು ಹೋಯಿತು.

ಎಲ್ಲಕ್ಕಿಂತ ಬೆರಗಿನ ಲೆಕ್ಕ ಇನ್ನು ಮುಂದಿದೆ. ಪ್ರಧಾನಿ ಮಾರ್ಕ್ವಿಸ್‌ಗೆ ಕುದುರೆಯ ಹುಚ್ಚು. ವಿಸಲ್‌ಜಾಕೆಟ್ ಎಂಬ ತನ್ನ ಕುದುರೆಯ ಚಿತ್ರವನ್ನು ಅವನು 1762ರ ಸುಮಾರಿಗೆ ಜಾರ್ಜ್ ಸ್ಟಬ್ಸ್‌ನಿಂದ ಬರೆಯಿಸಿದ. ಕ್ಯಾನ್ವಾಸಿನ ಅಳತೆ ಸುಮಾರು 77 ಚದರಡಿ. 1997ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಆ ಚಿತ್ರಕ್ಕೆ ಕೊಟ್ಟದ್ದು 1 ಕೋಟಿ 10 ಲಕ್ಷ ಪೌಂಡ್. 2017ರಲ್ಲಿ ಒಂದು ಸಂರಕ್ಷಣಾ ಟ್ರಸ್ಟ್ ಮನೆಯನ್ನೇ ಕೊಂಡಿತು, 70 ಲಕ್ಷ ಪೌಂಡಿಗೆ! ಕುದುರೆಯ ಚಿತ್ರಕ್ಕೆ ಚದರಡಿಗೆ 1,40,000 ಪೌಂಡಿಗೂ ಮಿಗಿಲು. ಮನೆಗೆ ಚದರಡಿಗೆ 28. ಐದು ಸಾವಿರ ಪಟ್ಟು ಅಂತರ.

ಅಗ್ಗಕ್ಕೆ ಸಿಕ್ಕಿತೆಂದು ಟ್ರಸ್ಟಿನವರು ಹಿಗ್ಗುವಂತಿರಲಿಲ್ಲ. ಸೋರುವ ಚಾವಣಿ ಮೊದಲಾದ ತುರ್ತು ರಿಪೇರಿಗೆಂದೇ ಸರ್ಕಾರ ಘೋಷಿಸಿದ ನೆರವು 76 ಲಕ್ಷ ಪೌಂಡ್, ಮನೆಯ ಬೆಲೆಗಿಂತ 6 ಲಕ್ಷ ಹೆಚ್ಚು.